ಬಾರಿಸಿ ಬಾಯಿ ಬಿಡಿಸುವ ದೃಶ್ಯ ಇನ್ನು ಸಾಕು: ತುಮಕೂರಿನಿಂದ ಒಂದು ಬಹಿರಂಗ ಪತ್ರ

ಭಯೋತ್ಪಾದನಾ ನಿಗ್ರಹದ ಸರಣಿಗಳನ್ನು ಬರೆಯುವ, ನಿರ್ದೇಶಿಸುವ, ನಿರ್ಮಿಸುವ ಎಲ್ಲರಿಗೂ,
ಅವುಗಳಿಗಾಗಿ ಕಾದು ಕೂತು ನೋಡುವ ನಮ್ಮ ಜಿಲ್ಲೆಯ ಅಭಿಮಾನಿಗಳಿಗೂ,

ನಮಸ್ಕಾರ.

ಗುಪ್ತಚರ ಅಧಿಕಾರಿಯೊಬ್ಬನ ಕಥೆಯ ಹಿಂದಿ ವೆಬ್ ಸರಣಿ 'ದಿ ಫ್ಯಾಮಿಲಿ ಮ್ಯಾನ್' ಮೂರನೇ ಸೀಸನ್ ಬಂದದ್ದು 2025ರ ನವೆಂಬರ್ 21ಕ್ಕೆ. ಎರಡನೆಯದು ಬಂದಿದ್ದು 2021ರ ಜೂನ್ 4ಕ್ಕೆ. ನಾಲ್ಕು ವರ್ಷಕ್ಕೂ ಮೇಲೆ ಕಾದವರ ಕೈಗೆ ಸಿಕ್ಕಿದ್ದು ಏಳು ಕಂತು, ಅದರಲ್ಲೂ ಕಥೆ ಮುಗಿದಿಲ್ಲ. ಬಿ.ಎಚ್. ರಸ್ತೆಯ ಟೀ ಅಂಗಡಿಗಳಿಂದ ಹಿಡಿದು ಕಾಲೇಜು ಹುಡುಗರ ವಾಟ್ಸ್ಆ್ಯಪ್ ಗುಂಪುಗಳವರೆಗೆ ಎಲ್ಲ ಕಡೆ ಅದೇ ಸಿಟ್ಟು. ಆ ಸಿಟ್ಟಿನಲ್ಲಿ ನಾವೂ ಪಾಲುದಾರರು. ಮೊದಲ ಸೀಸನ್ ಕೂಡ ದೆಹಲಿಯ ಕಾರ್ಖಾನೆಯಲ್ಲಿ ವಿಷಾನಿಲ ಸೋರುವ ಹೊತ್ತಿಗೇ ನಿಂತಿತ್ತು. ಆದರೆ ಅದಕ್ಕೂ ಮೊದಲು ಹತ್ತು ಕಂತು ಇದ್ದವು. ಕಥೆಯನ್ನು ಏಳು ಕಂತಿನಲ್ಲಿ ಅರ್ಧಕ್ಕೆ ಕಡಿದು, ಉಳಿದದ್ದಕ್ಕೆ ಇನ್ನೆಷ್ಟು ವರ್ಷ ಎಂದೂ ಹೇಳದಿದ್ದರೆ ಯಾರಿಗಾದರೂ ಕೋಪ ಬರುತ್ತದೆ.

ಈ ಪತ್ರ ಬರೆಯುತ್ತಿರುವುದು ಬೇರೆ ಎರಡು ದೂರುಗಳ ಬಗ್ಗೆ. ಈ ಬಗೆಯ ಯಾವ ಸರಣಿಯ ಯಾವ ಸೀಸನ್ ಬಂದರೂ ಅವು ತಪ್ಪದೆ ಕೇಳಿಬರುತ್ತವೆ. ಒಂದು, 'ತನಿಖೆ ಭಾಗ ಎಳೆದಿದ್ದಾರೆ.' ಇನ್ನೊಂದು, 'ಹಿಡಿದವನನ್ನು ಕೂರಿಸಿಕೊಂಡು ಮಾತಾಡ್ತಾ ಇದ್ದಾರಲ್ಲ, ನಾಲ್ಕು ಬಿಟ್ಟಿದ್ದರೆ ಹತ್ತು ನಿಮಿಷದಲ್ಲಿ ಬಾಯಿ ಬಿಡ್ತಿದ್ದ.' ಕ್ರಿಮಿನಲ್ ಕೇಸುಗಳನ್ನು ನಡೆಸುವವರು, ಸಿಡಿಆರ್ (ಫೋನ್ ಕರೆ ದಾಖಲೆ) ಮತ್ತು ಸಿಸಿಟಿವಿ ಸಾಕ್ಷ್ಯಗಳನ್ನು ಓದಿ ಬಲ್ಲವರು ಸೇರಿ ಇದನ್ನು ಬರೆದಿದ್ದೇವೆ. ನಾವೆಲ್ಲರೂ ಈ ಸರಣಿಗಳ ಅಭಿಮಾನಿಗಳೇ. ಅದಕ್ಕೇ ಹೇಳುತ್ತೇವೆ: ಈ ಎರಡೂ ದೂರು ತಪ್ಪು, ಮತ್ತು ಆ ತಪ್ಪನ್ನು ನೋಡುಗರಿಗೆ ಕಲಿಸಿಕೊಟ್ಟವರು ಬರಹಗಾರರು.

ಅದು ಶುರುವಾದ ದಾರಿ ನೋಡಿ. 2001ರ ನವೆಂಬರ್ 6ರಂದು ಅಮೆರಿಕದಲ್ಲಿ '24' ಸರಣಿ ಶುರುವಾಯಿತು. ಒಂದು ಸೀಸನ್ ಎಂದರೆ ಒಂದು ದಿನ, ಒಂದು ಕಂತು ಎಂದರೆ ಒಂದು ಗಂಟೆ. 2013ರಲ್ಲಿ ಅದರ ಹಿಂದಿ ರೂಪವೂ ಬಂತು. ಈ ಚೌಕಟ್ಟಿನಲ್ಲೇ ಒಂದು ಕಟ್ಟುಪಾಡು ಇದೆ. ಎಲ್ಲವೂ ಒಂದೇ ದಿನದಲ್ಲಿ ಮುಗಿಯಬೇಕಾದರೆ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯದ) ವರದಿ ಬರುವುದಿಲ್ಲ, ಕರೆ ದಾಖಲೆ ತಾಳೆ ನೋಡಲು ಹೊತ್ತಿಲ್ಲ, ನ್ಯಾಯಾಲಯದ ಬಾಗಿಲು ತೆರೆಯುವ ಮೊದಲೇ ಬಾಂಬ್ ಸಿಡಿಯುತ್ತದೆ. ನಾಯಕನ ಕೈಯಲ್ಲಿ ಉಳಿಯುವುದು ಹೊಡೆತ ಒಂದೇ. ಕಥೆ ಹಾಗೆ ಕಟ್ಟಿದ್ದರಿಂದ ಹೊಡೆತ ಬೇಕಾಯಿತೇ ಹೊರತು, ಹೊಡೆತದಿಂದ ಕೆಲಸ ಆಗುತ್ತದೆ ಎಂದಲ್ಲ. 2006ರ ನವೆಂಬರ್‌ನಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಡೀನ್ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನಗನ್, ಅನುಭವಿ ವಿಚಾರಣಾಧಿಕಾರಿಗಳನ್ನು ಕರೆದುಕೊಂಡು ಆ ಸರಣಿಯ ತಯಾರಕರ ಬಳಿಗೇ ಹೋದರು. ನಿಮ್ಮ ಸರಣಿ ನೋಡಿದ ಹುಡುಗರಿಗೆ ಕಾನೂನು ಎಂದರೆ ಅಡ್ಡಿ ಎನಿಸತೊಡಗಿದೆ ಎಂಬುದು ಅವರ ದೂರಾಗಿತ್ತು. ದೇಶಕ್ಕಾಗಿ ಹೋರಾಡುವ ಅಧಿಕಾರಿಗಳಿಗೆ ಪಾಠ ಹೇಳುವ ಮನುಷ್ಯ ಒಂದು ಟಿ.ವಿ. ಧಾರಾವಾಹಿಯ ಸೆಟ್‌ಗೆ ಹೋಗಿ ಕೇಳಿಕೊಳ್ಳಬೇಕಾಯಿತು.

ಈಗ ತುಮಕೂರಿಗೆ ಬರೋಣ. 2022ರ ನವೆಂಬರ್ 19ರ ಸಂಜೆ ಮಂಗಳೂರಿನಲ್ಲಿ ಓಡುತ್ತಿದ್ದ ಆಟೊದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಗಾಯಗೊಂಡ ಪ್ರಯಾಣಿಕನ ಬಳಿ ಒಂದು ಆಧಾರ್ ಕಾರ್ಡ್ ಸಿಕ್ಕಿತು. ಕಾರ್ಡಿನಲ್ಲಿದ್ದ ಹೆಸರು ತುಮಕೂರಿನಲ್ಲಿ ಕೆಲಸದಲ್ಲಿದ್ದ ಒಬ್ಬ ನೌಕರರದು. ಅವರ ಕಾರ್ಡ್ ಹಿಂದೆಯೇ ಕಳೆದುಹೋಗಿತ್ತು. ಅದೇ ಹೆಸರಿನಲ್ಲಿ ಆರೋಪಿ ಮೈಸೂರಿನಲ್ಲಿ ಕೋಣೆ ಬಾಡಿಗೆ ಹಿಡಿದಿದ್ದ. ಪೊಲೀಸರು ವಿಚಾರಿಸಿದರು, ಆ ನೌಕರರು ತುಮಕೂರಿನಲ್ಲೇ ಇದ್ದಾರೆ, ಆಸ್ಪತ್ರೆಯಲ್ಲಿ ಮಲಗಿರುವವನು ಬೇರೆಯವನು ಎಂಬುದು ಬೇಗನೆ ಗೊತ್ತಾಯಿತು. ಅಲ್ಲಿಗೆ ಆ ನೌಕರರ ಪಾಲಿನದು ಮುಗಿಯಿತು.

ಇದೇ ಸಂಗತಿಯನ್ನು ನಿಮ್ಮ ಸರಣಿಯ ಪದ್ಧತಿಯಂತೆ ನಡೆಸಿ ನೋಡಿ. ಬಾಂಬ್ ಸಿಡಿದ ಜಾಗದಲ್ಲಿ ಹೆಸರು ಸಿಕ್ಕಿದೆ, ವಿಳಾಸ ಸಿಕ್ಕಿದೆ, ಎರಡನೇ ಬಾಂಬ್ ಎಲ್ಲಿದೆಯೋ ಗೊತ್ತಿಲ್ಲ. ನಾಯಕ ರಾತ್ರಿ ಬಾಗಿಲು ಒದ್ದು ಒಳನುಗ್ಗಿ, ಠಾಣೆಯ ಮಾತಿನಲ್ಲಿ ಹೇಳುವ 'ಏರೋಪ್ಲೇನ್' ಹತ್ತಿಸುತ್ತಾನೆ, ಅಂದರೆ ಕೈ ಕಟ್ಟಿ ನೇತುಹಾಕುತ್ತಾನೆ. ಆ ಮನುಷ್ಯನ ಬಳಿ ಉತ್ತರವೇ ಇಲ್ಲ. ಉತ್ತರ ಇಲ್ಲದವನು ಏಟು ನಿಲ್ಲಲಿ ಎಂದು ಯಾವುದಾದರೂ ಊರಿನ ಹೆಸರು ಹೇಳುತ್ತಾನೆ. ಪಾವಗಡ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ನೂರು ಕಿಲೋಮೀಟರ್ ದೂರಕ್ಕೆ ಒಂದು ತಂಡ, ಶ್ವಾನದಳ, ಬಾಂಬ್ ನಿಷ್ಕ್ರಿಯ ದಳ ಹೊರಡಬೇಕು. ಹೋಗಿ, ಹುಡುಕಿ, ಏನೂ ಇಲ್ಲ ಎಂದು ತಿಳಿಯುವಷ್ಟರಲ್ಲಿ ಅರ್ಧ ದಿನ ಹೋಯಿತು. ಅಷ್ಟರಲ್ಲಿ ನಿಜವಾದ ಆರೋಪಿಯ ಕೋಣೆಗೆ ಬೇರೆ ಯಾರೋ ಬೀಗ ಮುರಿದು ನುಗ್ಗಿ ಸಾಮಾನು ಸಾಗಿಸಿದ್ದರೆ? ಚಿತ್ರಹಿಂಸೆ ಸುಳ್ಳನ್ನೂ ನಿಜದಷ್ಟೇ ವೇಗವಾಗಿ ಹೊರಗೆ ತರುತ್ತದೆ. ಎರಡನ್ನೂ ಬೇರ್ಪಡಿಸಲು ಮತ್ತೆ ತಾಳೆ ನೋಡುವ ಕೆಲಸವೇ ಬೇಕು. ಹಾಗಿದ್ದಮೇಲೆ ಉಳಿಸಿದ ಸಮಯ ಯಾವುದು?

ನಿಜವಾದ ಆರೋಪಿಯೇ ಕೈಗೆ ಸಿಕ್ಕಾಗಲೂ ಹೊಡೆತ ಕೇಸನ್ನು ಕೆಡಿಸುತ್ತದೆ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ನ್ಯಾಯಾಧೀಶರು ಅಲ್ಲಿ ಕೇಳುವ ಪ್ರಶ್ನೆ: 'ಪೊಲೀಸರು ಹೊಡೆದರಾ?' ಬಂಧಿತರ ರಕ್ಷಣೆಗೆ ಸುಪ್ರೀಂ ಕೋರ್ಟ್ ಕೊಟ್ಟ ಡಿ.ಕೆ. ಬಸು ತೀರ್ಪಿನಂತೆ ಕಸ್ಟಡಿಯಲ್ಲಿರುವವನಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಮೈಮೇಲಿನ ಗಾಯ ದಾಖಲೆಗೆ ಬರುತ್ತದೆ. ಸಾಮಾನ್ಯ ಕಾನೂನಿನಂತೆ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲ. ಈ ನಿಯಮ ಹಿಂದೆ ಸಾಕ್ಷ್ಯ ಕಾಯ್ದೆಯ 25, 26ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ನಮ್ಮ ಕಡೆ ದೋಷಾರೋಪ ಪಟ್ಟಿಯ ಜತೆ ಬರುವ ಪುಟಗಟ್ಟಲೆ 'ಸ್ವಇಚ್ಛಾ ಹೇಳಿಕೆ'ಯಲ್ಲಿ ನಿಲ್ಲುವುದು ಒಂದೆರಡು ವಾಕ್ಯ ಮಾತ್ರ: 'ಆ ಮನೆಯ ಅಟ್ಟದ ಮೇಲೆ ಸಿಮ್ ಇಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ' ಎಂಬಂಥದ್ದು. ಅದೂ ಪಂಚರ ಮುಂದೆ ಹೋಗಿ, ಸಿಮ್ ಸಿಕ್ಕಿ, ಮಹಜರು ಬರೆದು, ಪಿ.ಎಫ್. (ವಶಪಡಿಸಿದ ವಸ್ತುವಿನ ನಮೂನೆ) ನಂಬರ್ ಹಾಕಿ ನ್ಯಾಯಾಲಯಕ್ಕೆ ಒಪ್ಪಿಸಿದ ಮೇಲೆ. ಉಳಿದ ಪುಟಗಳನ್ನು ನ್ಯಾಯಾಲಯ ಪಕ್ಕಕ್ಕಿಡುತ್ತದೆ.

ಇಂಜೆಕ್ಷನ್ ಕೊಟ್ಟು ನಿಜ ಹೇಳಿಸುವ ದೃಶ್ಯಕ್ಕೂ ಇದೇ ಮಾತು. ಒಪ್ಪಿಗೆಯಿಲ್ಲದೆ ನಾರ್ಕೊ ಪರೀಕ್ಷೆ, ಸುಳ್ಳುಪತ್ತೆ, ಮಿದುಳು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ಹೇಳಿತು. ಆ ಪ್ರಕರಣದ ಹೆಸರೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ನಮ್ಮ ರಾಜ್ಯದ ಹೆಸರಿನಲ್ಲಿರುವ ಈ ತೀರ್ಪು ಕನ್ನಡದ ಸರಣಿ ಬರಹಗಾರರಿಗಾದರೂ ನೆನಪಿರಬೇಕು.

'ಎಳೆದಿದ್ದಾರೆ' ಎಂಬ ದೂರಿಗೆ ಈಗ ಬರುತ್ತೇವೆ. ತನಿಖೆ ಬೇಸರ ತರುತ್ತಿರುವುದು ಅದು ನಿಧಾನ ಎಂಬ ಕಾರಣಕ್ಕಲ್ಲ, ತೋರಿಸುತ್ತಿರುವುದು ಸುಳ್ಳು ತನಿಖೆಯಾದ್ದರಿಂದ. ಕಂಪ್ಯೂಟರ್ ಪರದೆಯ ಮುಂದೆ ಒಬ್ಬ ಹುಡುಗ ಕೀಲಿಮಣೆ ಕುಟ್ಟಿ 'ಸಿಕ್ಕಿತು ಸರ್' ಎನ್ನುತ್ತಾನೆ. ಅಲ್ಲಿ ತಪ್ಪಾಗುವ ಸಾಧ್ಯತೆಯೇ ಇಲ್ಲ, ಆದ್ದರಿಂದ ಕುತೂಹಲವೂ ಇಲ್ಲ.

'ಇನ್ನೂ ಮೂವತ್ತು ಸೆಕೆಂಡ್ ಮಾತಾಡಿಸು, ಟ್ರೇಸ್ ಆಗ್ತಿದೆ' ಎಂಬ ದೃಶ್ಯವನ್ನು ದಯವಿಟ್ಟು ನಿಲ್ಲಿಸಿ. ಅದು ಕೈಯಿಂದ ಒಂದೊಂದೇ ಜೋಡಣೆ ಹುಡುಕಬೇಕಿದ್ದ ಹಳೆಯ ದೂರವಾಣಿ ವಿನಿಮಯ ಕೇಂದ್ರಗಳ ಕಾಲದ್ದು. ಮೊಬೈಲ್ ಕರೆ ಶುರುವಾದ ಕ್ಷಣವೇ ಯಾವ ಟವರಿನ ಸೆಲ್‌ನಲ್ಲಿದೆ ಎಂಬುದು ಜಾಲದಲ್ಲಿ ದಾಖಲಾಗುತ್ತದೆ. ಕಷ್ಟ ಇರುವುದು ಆಮೇಲೆ. ಒಂದು ಟವರಿಗೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಸೆಕ್ಟರ್, ಒಂದೊಂದು 120 ಡಿಗ್ರಿ. ತುಮಕೂರು ಟೌನ್‌ಹಾಲ್ ಸುತ್ತ ಒಂದು ಸೆಕ್ಟರ್ ಎಂದರೆ ಕೆಲವು ನೂರು ಮೀಟರ್, ಆದರೆ ಪಾವಗಡದ ಬಯಲಿನಲ್ಲಿ ಹಲವು ಕಿಲೋಮೀಟರ್. ಮಧುಗಿರಿಯ ಬೆಟ್ಟದ ಸಾಲಿನಲ್ಲಿ ಇನ್ನೂ ವಿಚಿತ್ರ: ಪಕ್ಕದ ಟವರ್ ಬಂಡೆಯ ಮರೆಗೆ ಬಿದ್ದು, ದೂರದ ಟವರ್ ನೇರ ಕಾಣುವುದರಿಂದ ಫೋನ್ ಅದಕ್ಕೇ ಅಂಟಿಕೊಳ್ಳಬಹುದು. ನಕ್ಷೆಯ ಮೇಲೆ ಮಿಣುಕುವ ಕೆಂಪು ಚುಕ್ಕೆಯನ್ನು ನಂಬಿ ದಾಳಿ ಮಾಡಿದರೆ ಬೇರೆಯವರ ಮನೆಯ ಬಾಗಿಲು ಮುರಿಯುತ್ತದೆ.

ಟವರ್ ಡಂಪ್ ಎಂಬುದನ್ನು ತೋರಿಸಿ. ಕೃತ್ಯ ನಡೆದ ಹೊತ್ತಿನಲ್ಲಿ ಒಂದು ಟವರಿನಡಿ ಇದ್ದ ಎಲ್ಲ ಸಂಖ್ಯೆಗಳ ಪಟ್ಟಿ ಅದು. ಬಸ್ ನಿಲ್ದಾಣದ ಪಕ್ಕದ ಟವರ್ ಆದರೆ ಸಾವಿರಾರು ಸಾಲು. ಎರಡು ಮೂರು ಜಾಗದ ಡಂಪ್ ತರಿಸಿ, ಎಲ್ಲದರಲ್ಲೂ ಇರುವ ಸಂಖ್ಯೆ ಯಾವುದು ಎಂದು ಜರಡಿ ಹಿಡಿಯುತ್ತಾರೆ. ಆರೋಪಿ ಸಿಮ್ ಬದಲಿಸಿದ್ದರೆ ಫೋನಿನದೇ ಗುರುತು ಸಂಖ್ಯೆಯಾದ ಐಎಂಇಐಯಿಂದ ಹಿಡಿಯಬೇಕು. ಇಲ್ಲೊಂದು ಸಣ್ಣ ಬಲೆ ಇದೆ. ಐಎಂಇಐ 15 ಅಂಕಿ, ಆದರೆ ಜಾಲಕ್ಕೆ ಹೋಗುವಾಗ ಕೊನೆಯ ಅಂಕಿ ಸೊನ್ನೆಯಾಗಿ ಹೋಗುತ್ತದೆ. ಹಾಗಾಗಿ ಫೋನಿನ ಡಬ್ಬಿಯ ಮೇಲಿನ ಸಂಖ್ಯೆಗೂ ಸಿಡಿಆರ್ ಸಂಖ್ಯೆಗೂ ಸಾಮಾನ್ಯವಾಗಿ ಕೊನೆಯ ಅಂಕಿ ಹೊಂದುವುದಿಲ್ಲ. ಮೊದಲ 14ನ್ನು ಮಾತ್ರ ತಾಳೆ ನೋಡಬೇಕು ಎಂಬುದು ಗೊತ್ತಿಲ್ಲದವನು ಸರಿಯಾದ ಫೋನನ್ನೇ 'ಇದಲ್ಲ' ಎಂದು ಬದಿಗಿಡುತ್ತಾನೆ. ಇನ್ನೊಂದು ಬಲೆ ಗಡಿಯಾರದ್ದು. ಫೋನಿನಿಂದ ತೆಗೆದ ಕೆಲವು ದತ್ತಾಂಶ ಗ್ರೀನ್‌ವಿಚ್ ಸಮಯದಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸದಿದ್ದರೆ ರಾತ್ರಿ ಹತ್ತರ ಸಂದೇಶ ಸಂಜೆ ನಾಲ್ಕೂವರೆಯದಾಗಿ ಕಾಣುತ್ತದೆ. ಒಬ್ಬ ನಿರಪರಾಧಿ ಆ ಐದೂವರೆ ಗಂಟೆಯೊಳಗೆ ಸಿಕ್ಕಿಹಾಕಿಕೊಳ್ಳಬಹುದು. ಒಂದು ಇಡೀ ಕಂತು ಬರೆಯುವಷ್ಟು ವಸ್ತು ಇದರಲ್ಲಿಲ್ಲವೇ?

ಫೋನ್ ಕದ್ದಾಲಿಕೆಯೂ ಹಾಗೆಯೇ. ಕೇಂದ್ರ ಅಥವಾ ರಾಜ್ಯ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಅದನ್ನು ಪಡೆಯುವುದು ಕಾರ್ಯಸಾಧ್ಯವಲ್ಲದಿದ್ದರೆ ರಾಜ್ಯದಲ್ಲಿ ಅಧಿಕೃತ ಸಂಸ್ಥೆಯ ಐಜಿ ದರ್ಜೆಗೆ ಕಡಿಮೆಯಿಲ್ಲದ ಮುಖ್ಯಸ್ಥ ಅಥವಾ ಎರಡನೇ ಹಿರಿಯ ಅಧಿಕಾರಿ ಆದೇಶಿಸಬಹುದು, ಆದರೆ ಏಳು ಕೆಲಸದ ದಿನಗಳಲ್ಲಿ ಅದಕ್ಕೆ ಒಪ್ಪಿಗೆ ಸಿಗದಿದ್ದರೆ ಕದ್ದಾಲಿಕೆ ನಿಲ್ಲಿಸಬೇಕು. ಆದೇಶದ ಆಯಸ್ಸು 60 ದಿನ, ವಿಸ್ತರಿಸಿದರೂ 180 ದಿನ ದಾಟುವಂತಿಲ್ಲ. ಏಳನೇ ದಿನ ಹತ್ತಿರವಾಗುತ್ತಿದೆ, ಕೇಳುತ್ತಿರುವ ಫೋನ್ ಮೂರು ದಿನದಿಂದ ಮೌನವಾಗಿದೆ, ಕಾರ್ಯದರ್ಶಿಗೆ ತೋರಿಸಲು ಏನೂ ಇಲ್ಲ. ಆ ಅಧಿಕಾರಿಯ ಒತ್ತಡವನ್ನು ಬರೆಯಿರಿ.

ಬಾಂಬಿನ ಟೈಮರ್‌ಗಿಂತ ನಿಜವಾದ ಗಡುವು ಎಲ್ಲಿದೆ ಗೊತ್ತೇ? ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ, ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯಲ್ಲಿ. ಎಂಟು ಕ್ಯಾಮೆರಾ, ಒಂದೊಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ (ಎಂಬಿಪಿಎಸ್) ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 170 ಜಿಬಿ. ಒಂದು ಟಿಬಿಯ (ಸಾವಿರ ಜಿಬಿ) ಡಿಸ್ಕ್ ಆರು ದಿನಕ್ಕೆ ತುಂಬಿ, ಏಳನೇ ದಿನ ಮೊದಲ ದಿನದ ಮೇಲೆಯೇ ಬರೆದುಕೊಳ್ಳುತ್ತದೆ. ಆರೋಪಿ ಯಾವ ಬಸ್ ಹತ್ತಿದ ಎಂದು ತಿಳಿಯುವಷ್ಟರಲ್ಲಿ ನಾಲ್ಕು ದಿನ ಕಳೆದಿರುತ್ತದೆ. ಅಂಗಡಿಯವರು ಊರಿಗೆ ಹೋಗಿದ್ದಾರೆ, ಪಾಸ್‌ವರ್ಡ್ ಕ್ಯಾಮೆರಾ ಹಾಕಿದ ಹುಡುಗನಿಗೆ ಮಾತ್ರ ಗೊತ್ತು, ಆ ಹುಡುಗ ನಂಬರ್ ಬದಲಿಸಿದ್ದಾನೆ. ಸಿಕ್ಕ ಮೇಲೆ ಮೊದಲು ಮಾಡಬೇಕಾದ ಕೆಲಸ ದೃಶ್ಯ ನೋಡುವುದಲ್ಲ. ಪರದೆಯ ಮೇಲಿನ ಸಮಯವನ್ನೂ ಸರಿಯಾದ ಸಮಯವನ್ನೂ ಪಕ್ಕಪಕ್ಕ ಬರೆದುಕೊಳ್ಳುವುದು. ಡಿವಿಆರ್ ಗಡಿಯಾರ ಹತ್ತು ನಿಮಿಷ ಹಿಂದೆ ಮುಂದೆ ಇರುವುದು ಸಾಮಾನ್ಯ, ಆ ಹತ್ತು ನಿಮಿಷದಲ್ಲಿ ಮನುಷ್ಯ ಬೇರೆಯದೇ ಬಸ್ಸಿನಲ್ಲಿ ಹೋಗಿಬಿಟ್ಟಿರುತ್ತಾನೆ.

ಆಮೇಲೆ ನಿಮ್ಮ ಪ್ರೀತಿಯ 'ಝೂಮ್ ಮಾಡು, ಕ್ಲಿಯರ್ ಮಾಡು'. 1920 ಪಿಕ್ಸೆಲ್ ಅಗಲದ ಕ್ಯಾಮೆರಾ ಬಸ್ ನಿಲ್ದಾಣದ 20 ಮೀಟರ್ ಅಗಲವನ್ನು ಹಿಡಿದರೆ, ಮೀಟರಿಗೆ 96 ಪಿಕ್ಸೆಲ್. ಮುಖಕ್ಕೆ ಬರುವುದು ಸುಮಾರು 15. ಅಪರಿಚಿತನ ಗುರುತು ಹಿಡಿಯಲು 2014ರ ಅಂತರರಾಷ್ಟ್ರೀಯ ಮಾನದಂಡ ಕೇಳಿದ್ದು ಮೀಟರಿಗೆ 250. ಇಲ್ಲದ ಪಿಕ್ಸೆಲ್ ಎಲ್ಲಿಂದ ತರುತ್ತೀರಿ? ಮುಖ ಸಿಗದಾಗ ತನಿಖೆ ನಡಿಗೆ, ಚೀಲ, ಬೂಟು, ಟೋಪಿಯ ಮೇಲೆ ಹೋಗುತ್ತದೆ. 2024ರ ಮಾರ್ಚ್ 1ರ ಬೆಂಗಳೂರು ರಾಮೇಶ್ವರಂ ಕೆಫೆ ಸ್ಫೋಟದಲ್ಲಿ ಟೋಪಿ ಮುಖ್ಯ ಸುಳಿವಾಯಿತು, ಅದು ಚೆನ್ನೈನಲ್ಲಿ ಕೊಂಡದ್ದೆಂದು ಪತ್ತೆಯಾಯಿತು ಎಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಮಾರ್ಚ್ 3ಕ್ಕೆ ಪ್ರಕರಣ ವಹಿಸಿಕೊಂಡಿತು, 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು, ಇಬ್ಬರು ಪ್ರಮುಖ ಆರೋಪಿಗಳನ್ನು ಏಪ್ರಿಲ್ 12ಕ್ಕೆ ಪಶ್ಚಿಮ ಬಂಗಾಳದಲ್ಲಿ ಬಂಧಿಸಿತು. ಆ 42 ದಿನಗಳೇ ಒಂದು ಸೀಸನ್.

ಸಿಕ್ಕ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬಂದರೆ ಆಗದು. ಮೂಲ ಕಡತವನ್ನೇ ಪ್ರತಿ ಮಾಡಿ, ಅದರ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಕೇತ) ತೆಗೆದು, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಮಾಡಿಸಬೇಕು. ಎ ಭಾಗಕ್ಕೆ ಡಿವಿಆರ್ ನೋಡಿಕೊಳ್ಳುವವರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ. ಎಸ್‌ಎಚ್‌ಎ-256 ಹ್ಯಾಶ್‌ನಲ್ಲಿ 64 ಅಕ್ಷರ. ಕಡತದಲ್ಲಿ ಒಂದು ಬಿಟ್ ಬದಲಾದರೂ ಇಡೀ ಸಾಲೇ ಬೇರೆಯಾಗುತ್ತದೆ. ವಿಚಾರಣೆಯ ದಿನ ಆ ಎರಡು ಸಾಲು ಹೊಂದದೆ ಹೋದಾಗ ತನಿಖಾಧಿಕಾರಿಯ ಮುಖ ಹೇಗಿರುತ್ತದೆ ಎಂದು ಒಬ್ಬ ಒಳ್ಳೆಯ ನಟನಿಗೆ ಬಿಡಿ.

ನಮ್ಮ ಜಿಲ್ಲೆಗೆ ಇದು ಪರದೆಯ ಮೇಲಿನ ವಿಷಯ ಮಾತ್ರವಲ್ಲ. 2005ರ ಫೆಬ್ರವರಿ 10ರ ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿ ಪೊಲೀಸರನ್ನು ಕೊಂದರು. ಕಾನೂನು ಪಾಲಿಸಿ ಎಂದು ನಾವು ಹೇಳುವುದನ್ನು ಪೊಲೀಸರ ವಿರುದ್ಧದ ಮಾತು ಎಂದು ಯಾರೂ ತಿಳಿಯಬಾರದು. ಹೊಡೆದು ಬರೆಸಿಕೊಂಡ ಹೇಳಿಕೆಯ ಮೇಲೆ ಕಟ್ಟಿದ ಕೇಸು ಬಿದ್ದುಹೋದರೆ ನ್ಯಾಯ ತಪ್ಪುವುದು ಸತ್ತ ಪೊಲೀಸರ ಮನೆಯವರಿಗೇ.

ಇನ್ನು ಅಭಿಮಾನಿಗಳಿಗೆ ನಾಲ್ಕು ಮಾತು. ಎಲ್ಲಾದರೂ ಸ್ಫೋಟವಾದ ದಿನ, ಸರಣಿಯ ಹುಮ್ಮಸ್ಸಿನಲ್ಲಿ ಶಂಕಿತನ ಫೋಟೊ ಹುಡುಕಿ ಹಂಚಬೇಡಿ. ಮಂಗಳೂರಿನ ಪ್ರಕರಣದಲ್ಲಿ ಹಾಗೆ ಹಂಚಿದ್ದರೆ ಹೋಗುತ್ತಿದ್ದುದು ನಮ್ಮೂರಿನ ನಿರಪರಾಧಿಯ ಮುಖ. ನಿಮ್ಮ ಅಂಗಡಿಯ ಕ್ಯಾಮೆರಾದಲ್ಲಿ ಏನಾದರೂ ಇದೆ ಎನಿಸಿದರೆ ಡಿವಿಆರ್ ಮುಟ್ಟದೆ, ಅದರ ಗಡಿಯಾರ ಎಷ್ಟು ತಪ್ಪಿದೆ ಎಂದು ಚೀಟಿಯಲ್ಲಿ ಬರೆದಿಟ್ಟು 112ಕ್ಕೆ ಕರೆ ಮಾಡಿ. ಆಧಾರ್ ಕಳೆದರೆ 'ಇನ್ನೊಂದು ಪ್ರಿಂಟ್ ತೆಗೆಸಿದರಾಯ್ತು' ಎಂದು ಬಿಡಬೇಡಿ. ಪೊಲೀಸರಲ್ಲಿ ಕಳೆದ ದೂರು ದಾಖಲಿಸಿ ಅದರ ಪ್ರತಿ ಇಟ್ಟುಕೊಳ್ಳಿ. ನಿಮ್ಮ ಬಾಗಿಲಿಗೆ ಯಾರಾದರೂ ಬಂದ ದಿನ ಆ ದಿನಾಂಕವೇ ನಿಮ್ಮನ್ನು ಕಾಪಾಡುವುದು. ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ ಕೇಳಿಕೊಂಡು ಬಯೋಮೆಟ್ರಿಕ್ ಲಾಕ್ ಮಾಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಆದರೆ ಬಯೋಮೆಟ್ರಿಕ್ ಲಾಕ್ ಮಾಡಿದ ಮಾತ್ರಕ್ಕೆ ಕಳೆದ ಕಾರ್ಡನ್ನು ಲಾಡ್ಜಿನ ಮೇಜಿನ ಮೇಲೆ ತೋರಿಸುವುದು ನಿಲ್ಲುವುದಿಲ್ಲ. ಅದನ್ನು ತಡೆಯಬೇಕಾದವರು ಮನೆ ಬಾಡಿಗೆ ಕೊಡುವವರು, ಲಾಡ್ಜಿನವರು. ಜೆರಾಕ್ಸ್ ಇಸಿದುಕೊಂಡು ಫೈಲಿಗೆ ಹಾಕುವ ಬದಲು ಕಾರ್ಡಿನ ಕ್ಯೂಆರ್ ಅನ್ನು ಆಧಾರ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಪರದೆಯಲ್ಲಿ ಬರುವ ಫೋಟೊವನ್ನೂ ಎದುರಿಗೆ ನಿಂತವರ ಮುಖವನ್ನೂ ನೋಡಿ.

ಸರಣಿ ತಯಾರಕರಲ್ಲಿ ನಮ್ಮ ಕೋರಿಕೆ ಮೂರು. ಒಪ್ಪಿಕೊಂಡ ಕಥೆಯನ್ನು ಅದೇ ಸೀಸನ್‌ನಲ್ಲಿ ಮುಗಿಸಿ. ಮುಂದಿನದಕ್ಕೆ ಎಳೆ ಬಿಡಿ, ಕಥೆಯನ್ನೇ ಬಿಡಬೇಡಿ. ಹೊಡೆತದ ದೃಶ್ಯ ಬರೆಯಲೇಬೇಕಾದರೆ ಅದರಿಂದ ಹುಟ್ಟಿದ ಸುಳ್ಳು, ವ್ಯರ್ಥವಾದ ತಂಡ, ಬಿದ್ದುಹೋದ ಕೇಸನ್ನೂ ಅದೇ ಸೀಸನ್‌ನಲ್ಲಿ ತೋರಿಸಿ. ಚಿತ್ರಕಥೆಯನ್ನು ಚಿತ್ರೀಕರಣಕ್ಕೆ ಮೊದಲು ಒಬ್ಬ ವಿಚಾರಣಾ ನ್ಯಾಯಾಲಯದ ವಕೀಲರಿಗೆ, ಒಬ್ಬ ಡಿಜಿಟಲ್ ಫೊರೆನ್ಸಿಕ್ ತಜ್ಞರಿಗೆ ಓದಲು ಕೊಡಿ. ಬಂದೂಕು ಹಿಡಿಯುವುದನ್ನು ಕಲಿಸಲು ಕಮಾಂಡೊಗಳನ್ನು ಕರೆಸುತ್ತೀರಿ. ಮಹಜರು ಬರೆಯುವುದನ್ನು ಕಲಿಸಲು ಒಬ್ಬ ನಿವೃತ್ತ ಎಎಸ್‌ಐ ಅವರನ್ನೂ ಕರೆಸಿ.

ಇಂತಿ,
ತುಮಕೂರಿನ ಕೆಲವು ನೋಡುಗರು